ಚಿಹ್ನೆಯೂ ಒಂದು ಅಳತೆಯೇ

ಶಾಲೆಯ ಗೋಡೆಗಳ ಮೇಲೆ, ಆರೋಗ್ಯ ಶಿಬಿರಗಳ ಕರಪತ್ರಗಳಲ್ಲಿ, ವಿಜ್ಞಾನ ಪತ್ರಿಕೆಗಳ ಒಳಪುಟಗಳಲ್ಲಿ ಒಂದು ಬಗೆಯ ಪಟ್ಟಿಯನ್ನು ನೀವು ನೋಡಿರಬಹುದು. ಎಡಗಡೆ ಚಿಹ್ನೆ, ಬಲಗಡೆ ರೋಗ. ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ ಕಾಮಾಲೆ. ಕೆಳರೆಪ್ಪೆಯ ಒಳಪೊರೆ ಬಿಳಿಚಿಕೊಂಡಿದ್ದರೆ ರಕ್ತಹೀನತೆ. ಕಿವಿತಮಟೆ ಕೆಂಪಾಗಿದ್ದರೆ ಸೋಂಕು. ಪಟ್ಟಿಯ ಕೆಳಗೆ ಒಂದು ಚೌಕಟ್ಟು. ಅದರೊಳಗೆ ಆರೋಗ್ಯವಂತ ಮನುಷ್ಯನ ಅಂಕಿಗಳು: ತಾಪ 98.6, ನಾಡಿ 72, ಉಸಿರಾಟ 18, ರಕ್ತದೊತ್ತಡ 120/80.

ಈ ಪಟ್ಟಿಗಳ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಇಲ್ಲಿ ವಿವರವಾಗಿ ಮಂಡಿಸಲು ಬಯಸುತ್ತೇನೆ. ಪಟ್ಟಿಗಳಲ್ಲಿರುವುದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ಅವುಗಳನ್ನು ಬರೆಯುವ ರೀತಿ ವಿಜ್ಞಾನದ ರೀತಿಯಲ್ಲ. ಆ ಕಾರಣಕ್ಕೆ ಕೆಲವೊಮ್ಮೆ ಜೀವಕ್ಕೇ ಅಪಾಯ ಒದಗಬಹುದು.

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ವೈದ್ಯರ ಕೆಲಸದಲ್ಲಿ ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಕಣ್ಣಿನೊಳಗೆ ಇಣುಕಿ ಅಕ್ಷಿಪಟಲವನ್ನು ನೋಡುವ ಉಪಕರಣವನ್ನು 1851ರಲ್ಲಿ ಲೋಕಕ್ಕೆ ತಿಳಿಸಿದ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಮುಂದೆ ಬರ್ಲಿನ್ನಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದವರು. ಕಿವಿ ಪರೀಕ್ಷೆಗೆ ವೈದ್ಯರು ಬಳಸುವ ಶ್ರುತಿಕವೆ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲೂ ಇದೆ. ರಕ್ತದೊತ್ತಡದ ಏಕಮಾನವೇ ಪಾದರಸದ ಕಂಬದ ಎತ್ತರ. ಆದ್ದರಿಂದ ರೋಗ ಯಾವುದು, ಔಷಧ ಯಾವುದು ಎಂಬುದನ್ನು ವೈದ್ಯರಿಗೇ ಬಿಟ್ಟು, ಅಳತೆಯ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ರೋಗಿ ತಾನೇ ಅನುಭವಿಸಿ ಹೇಳುವಂಥದ್ದು ಲಕ್ಷಣ: ತಲೆನೋವು, ಸುಸ್ತು, ಹಸಿವಿಲ್ಲದಿರುವುದು. ಪರೀಕ್ಷಿಸುವವರು ನೋಡಿ, ಮುಟ್ಟಿ, ಕೇಳಿ ಗುರುತಿಸುವಂಥದ್ದು ಚಿಹ್ನೆ. ಚಿಹ್ನೆಯನ್ನು ಗುರುತಿಸುವಾಗ ಒಬ್ಬ ವೀಕ್ಷಕ, ಒಂದು ಸಾಧನ ಮತ್ತು ಒಂದು ಸನ್ನಿವೇಶ ಇದ್ದೇ ಇರುತ್ತವೆ. ಸಾಧನ ಬರಿಗಣ್ಣೇ ಆಗಿರಬಹುದು. ಈ ಮೂರೂ ಸೇರಿದರೆ ಅದು ಅಳತೆ. ಪ್ರಥಮ ವರ್ಷದ ವಿದ್ಯಾರ್ಥಿ ಲೋಲಕದ ಆಂದೋಲನ ಕಾಲವನ್ನು ಬರೆದು ತಂದಾಗ, ಎಷ್ಟು ಸಲ ಅಳೆದೆ, ಗಡಿಯಾರದ ಕನಿಷ್ಠ ಅಳತೆ ಎಷ್ಟು, ದೋಷ ಎಷ್ಟು ಎಂದು ಕೇಳದೆ ನಾವು ಸಹಿ ಹಾಕುವುದಿಲ್ಲ. ಮನುಷ್ಯನ ಉಸಿರಾಟದ ವಿಷಯದಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಲೋಲಕಕ್ಕೆ ಕೊಟ್ಟ ಗೌರವ ಮನುಷ್ಯನಿಗೂ ಸಲ್ಲಬೇಡವೇ?

ದೋಷವಿಲ್ಲದ ಅಂಕಿ

ನನ್ನ ಮೊದಲ ಆಕ್ಷೇಪ ನನ್ನ ಮೇಲೆಯೇ. ಹಲವು ವರ್ಷಗಳ ಹಿಂದೆ ಮಕ್ಕಳಿಗಾಗಿ ಬರೆದ ಒಂದು ಲೇಖನದಲ್ಲಿ, ಆರೋಗ್ಯವಂತನ ದೇಹದ ತಾಪ 98.6 ಡಿಗ್ರಿ ಫ್ಯಾರನ್‌ಹೀಟ್ ಎಂದು ನಾನೂ ಬರೆದಿದ್ದೆ. ಆ ದಶಮಾಂಶ ಎಲ್ಲಿಂದ ಬಂತು ಎಂದು ಆಗ ಯೋಚಿಸಿರಲಿಲ್ಲ.

ಜರ್ಮನಿಯ ಲೈಪ್‌ಝಿಗ್‌ನಲ್ಲಿದ್ದ ವೈದ್ಯ ಕಾರ್ಲ್ ವುಂಡರ್ಲಿಕ್ ಸಾವಿರಾರು ರೋಗಿಗಳ ಕಂಕುಳಿನ ತಾಪವನ್ನು ವರ್ಷಗಟ್ಟಲೆ ಅಳೆದು, 1868ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಸರಾಸರಿ 37 ಡಿಗ್ರಿ ಸೆಲ್ಸಿಯಸ್ ಎಂದರು. ತಾಪ ಬೆಳಗ್ಗೆ ಕಡಿಮೆ, ಸಂಜೆ ಹೆಚ್ಚು ಎಂಬುದನ್ನೂ ಅವರು ಗಮನಿಸಿದ್ದರು. ಆರೋಗ್ಯದ ಮೇಲಿನ ಮಿತಿಯನ್ನು 38 ಡಿಗ್ರಿಯವರೆಗೆ ಇಟ್ಟಿದ್ದರು. ನಾವು ಮಿತಿಯನ್ನು ಮರೆತು ಸರಾಸರಿಯನ್ನು ಮಾತ್ರ ಉಳಿಸಿಕೊಂಡೆವು. ಅದನ್ನು ಫ್ಯಾರನ್‌ಹೀಟ್‌ಗೆ ಬದಲಾಯಿಸಿದಾಗ 98.6 ಬಂತು. 37 ಎಂಬುದು 36.5ರಿಂದ 37.5ರವರೆಗಿನ ಯಾವುದೇ ತಾಪವನ್ನು ಪೂರ್ಣಾಂಕಕ್ಕೆ ತಂದುದಾಗಿರಬಹುದು ಎಂದಿಟ್ಟುಕೊಳ್ಳಿ. ಆಗ ಫ್ಯಾರನ್‌ಹೀಟ್‌ನಲ್ಲಿ ಅದರ ವ್ಯಾಪ್ತಿ 97.7ರಿಂದ 99.5. ಅಂದರೆ ‘.6’ ಎಂಬ ನಿಖರತೆ ಗುಣಾಕಾರದಿಂದ ಹುಟ್ಟಿದ್ದು, ಥರ್ಮಾಮೀಟರಿನಿಂದ ಬಂದದ್ದಲ್ಲ. 1992ರಲ್ಲಿ ಅಮೆರಿಕದ ವೈದ್ಯರು 148 ಆರೋಗ್ಯವಂತರ ಬಾಯಿಯ ತಾಪವನ್ನು 700 ಸಲ ಅಳೆದಾಗ ಸರಾಸರಿ 36.8 ಡಿಗ್ರಿ ಸೆಲ್ಸಿಯಸ್, ಅಂದರೆ 98.2 ಫ್ಯಾರನ್‌ಹೀಟ್ ಬಂತು. ಒಂದೇ ದಿನದಲ್ಲಿ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನ ಏರಿಳಿತ ಸಹಜ ಎಂಬುದೂ ಕಂಡಿತು.

ಅಂಕಿಯನ್ನು ಪ್ರಶ್ನಿಸದೆ ಬರೆದಿಡುವ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2020ರಲ್ಲಿ ಸಂಸ್ಥೆಯೊಂದರ ಬಾಗಿಲಲ್ಲಿ ಬಂದವರ ಹಣೆಗೆ ಅವಕೆಂಪು ಥರ್ಮಾಮೀಟರ್ ಹಿಡಿದು, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ನನ್ನ ಸರದಿ ಬಂದಾಗ ಹಿಂದಿನ ಸಾಲುಗಳ ಮೇಲೆ ಕಣ್ಣಾಡಿಸಿದೆ. 93.4, 92.8, 94.1. ದೇಹದೊಳಗಿನ ತಾಪ 95 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ತುರ್ತುಸ್ಥಿತಿ ಎಂದು ಪರಿಗಣಿಸುತ್ತಾರೆ. ಪುಸ್ತಕವನ್ನು ನಂಬುವುದಾದರೆ ಆ ಬಾಗಿಲನ್ನು ದಾಟಿದವರೆಲ್ಲ ಆಸ್ಪತ್ರೆಯಲ್ಲಿರಬೇಕಿತ್ತು! ಆ ಉಪಕರಣ ಅಳೆದದ್ದು ಗಾಳಿಗೂ ಬೆವರಿಗೂ ಒಡ್ಡಿದ ಚರ್ಮದ ಮೇಲ್ಮೈಯನ್ನು. ಬಿಸಿಲಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದವರ ಅಂಕಿ ಹೆಚ್ಚು, ಬೆವರಿ ನೆರಳಲ್ಲಿ ನಿಂತವರದು ಕಡಿಮೆ. ಸರದಿಯಲ್ಲಿದ್ದ ಯಾರೊಬ್ಬರೂ ಇದನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇನ್ನು ಉಸಿರಾಟಕ್ಕೆ ಬರೋಣ. ನಾಡಿಯಂತೆಯೇ ಇದಕ್ಕೂ ಬೇರೆ ಯಾವ ಉಪಕರಣವೂ ಬೇಡ. ಒಂದು ಗಡಿಯಾರವಿದ್ದರೆ ಸಾಕು. ಹೆಚ್ಚು ಉಪೇಕ್ಷೆಗೆ ಒಳಗಾಗಿರುವುದೂ ಇದೇ. ಆಸ್ಪತ್ರೆಯಲ್ಲಿ ನಿಮ್ಮವರು ದಾಖಲಾಗಿದ್ದಾಗ ಮಂಚದ ತುದಿಯ ಹಾಳೆಯನ್ನು ನೋಡಿದ್ದರೆ, ನಾಡಿಯ ಕಾಲಂನಲ್ಲಿ ಅಂಕಿ ಏರಿಳಿಯುತ್ತಿದ್ದರೂ ಉಸಿರಾಟದ ಕಾಲಂನಲ್ಲಿ 18, 18, 20, 18 ಎಂದು ಇರುವುದು ನಿಮ್ಮ ಗಮನಕ್ಕೆ ಬಂದಿರಬಹುದು. ಮೂರು ದಿನ ಹೀಗೆ ಒಂದೇ ತೆರನಾಗಿ ಉಸಿರಾಡುವ ಮನುಷ್ಯ ಅಪರೂಪ. ಎಣಿಸದೆ ಬರೆದಿರುವ ಸಾಧ್ಯತೆಯೇ ಹೆಚ್ಚು.

ಎಣಿಸಿದರೂ ಸಾಮಾನ್ಯವಾಗಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಾರೆ. ಈಗ ಲೆಕ್ಕ ನೋಡಿ. 15 ಸೆಕೆಂಡಿನಲ್ಲಿ 5 ಉಸಿರು ಬಂದರೆ ನಿಮಿಷಕ್ಕೆ 20. 6 ಬಂದರೆ 24. ನಡುವಿನ 21, 22, 23 ಈ ವಿಧಾನದಲ್ಲಿ ಬರುವುದೇ ಇಲ್ಲ. ಎಣಿಕೆ ಶುರು ಮಾಡಿದ ಕ್ಷಣ ಉಸಿರು ಅರ್ಧದಲ್ಲಿತ್ತೇ, ಮುಗಿಯುತ್ತಿತ್ತೇ ಎಂಬುದರ ಮೇಲೆ ಒಂದು ಉಸಿರಿನ ದೋಷ ಸಹಜ. ಗುಣಿಸಿದಾಗ ಅದು ನಾಲ್ಕಾಗುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿದ ಮುನ್ನೆಚ್ಚರಿಕೆ ಅಂಕಪದ್ಧತಿಯಲ್ಲಿ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ ಅಂಕ, 21ರಿಂದ 24 ಇದ್ದರೆ 2 ಅಂಕ, 25 ಅಥವಾ ಹೆಚ್ಚಿದ್ದರೆ 3 ಅಂಕ. ಅಂಕ ಏರಿದಂತೆ ರೋಗಿಯ ಮೇಲೆ ನಿಗಾ ಹೆಚ್ಚಬೇಕು. ಎಣಿಸುವವರ ಒಂದು ಉಸಿರಿನ ದೋಷ ಸೊನ್ನೆಯನ್ನು ಎರಡಾಗಿಸಬಲ್ಲದು. ಎರಡನ್ನು ಸೊನ್ನೆಯಾಗಿಯೂ ಮಾಡಬಲ್ಲದು.

ಸನ್ನಿವೇಶವಿಲ್ಲದ ಚಿಹ್ನೆ

ಎರಡನೆಯ ಆಕ್ಷೇಪ: ಪಟ್ಟಿಗಳು ಚಿಹ್ನೆಯನ್ನು ಹೇಳುತ್ತವೆ, ಅದನ್ನು ಯಾವ ಸ್ಥಿತಿಯಲ್ಲಿ ನೋಡಬೇಕು ಎಂಬುದನ್ನು ಹೇಳುವುದಿಲ್ಲ. ಇದರ ಬೆಲೆ ಎಷ್ಟೆಂದು ನಾನು ಮನೆಯಲ್ಲೇ ಕಲಿತೆ.

ಕೆಲವು ವರ್ಷಗಳ ಹಿಂದೆ ಊರಿನಲ್ಲಿ ನನ್ನ ಅಣ್ಣನಿಗೆ ನಾಲ್ಕು ದಿನಗಳಿಂದ ಊಟ ಸೇರುತ್ತಿರಲಿಲ್ಲ; ಸಣ್ಣಗೆ ಜ್ವರ ಬೇರೆ. ನಾನು ಹೋಗಿ ಮುಟ್ಟಿದಾಗ ರಾತ್ರಿ ಎಂಟು ಗಂಟೆ. ಕಾಮಾಲೆ ಇರಬಹುದೇ ಎಂದು ಅತ್ತಿಗೆ ಕೇಳಿದರು. ನಡುಮನೆಯ ಹಳೆಯ ಬಲ್ಬಿನ ಕೆಳಗೆ ಅಣ್ಣನ ರೆಪ್ಪೆ ಎತ್ತಿ ನೋಡಿದೆ. ಕಣ್ಣು ಬೆಳ್ಳಗೇ ಕಂಡಿತು. ಏನಿಲ್ಲ, ಪಿತ್ತ ಅಷ್ಟೆ ಎಂದೆ. ಜ್ವರಕ್ಕೆಂದು ಎರಡು ಪ್ಯಾರಾಸಿಟಮಾಲ್ ಮಾತ್ರೆಯನ್ನೂ ಕೊಟ್ಟೆ. ಬೆಳಗ್ಗೆ ಅಣ್ಣ ಜಗಲಿಯ ಮೇಲೆ ಕುಳಿತಿದ್ದಾಗ ಹಾಲು ಹಾಕಲು ಬಂದವನು, “ಇದೇನ್ ಸ್ವಾಮಿ, ಕಣ್ಣೆಲ್ಲ ಅರಿಶಿನ ಆಗೈತೆ” ಎಂದ. ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ ಡೆಸಿಲೀಟರಿಗೆ 6 ಮಿಲಿಗ್ರಾಂ ಇತ್ತು. ಯಕೃತ್ತು ಮೊದಲೇ ಬಳಲುತ್ತಿದ್ದ ಮನುಷ್ಯನಿಗೆ, ಯಕೃತ್ತಿನ ಮೇಲೆ ಹೊರೆಯಾಗಬಲ್ಲ ಮಾತ್ರೆಯನ್ನು ಕೇಳದೆ ಕೇಳಿಸದೆ ನಾನು ಕೊಟ್ಟಿದ್ದೆ. ಅಣ್ಣ ಚೇತರಿಸಿಕೊಂಡರು. ನನ್ನ ನಾಚಿಕೆ ಮಾತ್ರ ಹಾಗೇ ಉಳಿಯಿತು. ಏಕೆಂದರೆ ಆ ರಾತ್ರಿ ನನಗೆ ಹಳದಿ ಕಾಣದೆ ಹೋದದ್ದು ಏಕೆ ಎಂಬುದು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುವ ಪಾಠ.

ಬಿಲಿರುಬಿನ್ ಹಳದಿಯಾಗಿ ಕಾಣುವುದು ಅದು ನೀಲಿ ಬೆಳಕನ್ನು ಹೀರುವುದರಿಂದ. ಬಿಳಿಯ ಬೆಳಕಿನಿಂದ ನೀಲಿಯನ್ನು ಕಳೆದರೆ ಉಳಿದದ್ದು ಹಳದಿ. ಹಳೆಯ ತಂತಿ ಬಲ್ಬಿನ ಬೆಳಕಿನಲ್ಲಿ ನೀಲಿಯೇ ತೀರ ಕಡಿಮೆ. ಕಳೆಯಲು ನೀಲಿಯೇ ಇಲ್ಲದಿದ್ದರೆ ಬಿಳಿಯ ಕಣ್ಣೂ ಹಳದಿ ಕಣ್ಣೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ಹಳದಿ ಛಾಯೆಯ ಎಲ್‌ಇಡಿ ದೀಪದಲ್ಲೂ ಈ ತೊಂದರೆ ಸ್ವಲ್ಪಮಟ್ಟಿಗೆ ಇದೆ. ಆದ್ದರಿಂದಲೇ ಕಾಮಾಲೆಯನ್ನು ಹಗಲು ಬೆಳಕಿನಲ್ಲಿ ನೋಡಬೇಕು ಎಂಬ ನಿಯಮ. ಹಗಲಿನಲ್ಲಿಯೂ ಬಿಲಿರುಬಿನ್ ಸುಮಾರು 2.5ರಿಂದ 3 ಮಿಲಿಗ್ರಾಂ ಮುಟ್ಟುವವರೆಗೆ ಕಣ್ಣಿಗೆ ಗೊತ್ತಾಗುವುದು ಕಷ್ಟ. ಸಹಜ ಮಟ್ಟ ಸುಮಾರು 1ರವರೆಗೆ ಮಾತ್ರ. ‘ಕಣ್ಣು ಹಳದಿಯಾದರೆ ಕಾಮಾಲೆ’ ಎಂಬ ಸಾಲಿಗೆ ‘ಹಗಲು ಬೆಳಕಿನಲ್ಲಿ ನೋಡಿ’ ಎಂಬ ಮೂರು ಪದ ಸೇರಿಸಲು ಎಷ್ಟು ಜಾಗ ಬೇಕು?

ಬೆಳಕನ್ನು ಗಮನಿಸಿ ನೋಡುವ ಕಣ್ಣಿಗೆ ಏನು ಸಿಗುತ್ತದೆ ಎಂಬುದಕ್ಕೂ ಒಂದು ಪ್ರಸಂಗವಿದೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. 1956ರಲ್ಲಿ ಒಂದು ದಿನ ಅವರು ವೈದ್ಯರಿಗೆ ಒಂದು ಮಗುವನ್ನು ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಬಟ್ಟೆಯ ಮೂಲೆ ಮುಚ್ಚಿದ್ದ ತ್ರಿಕೋನಾಕಾರದ ಜಾಗ ಮಾತ್ರ ಗಾಢ ಹಳದಿಯಾಗಿ ಉಳಿದಿತ್ತು. ಆ ಸಂಶಯವನ್ನು ಬೆನ್ನಟ್ಟಿ ಅಲ್ಲಿನ ವೈದ್ಯರು 1958ರಲ್ಲಿ ಪ್ರಬಂಧ ಪ್ರಕಟಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕಾಮಾಲೆಯ ಶಿಶುಗಳನ್ನು ನೀಲಿ ದೀಪದ ಕೆಳಗೆ ಮಲಗಿಸುವ ಚಿಕಿತ್ಸೆಗೆ ಅದೇ ಮೂಲ. ಬಿಲಿರುಬಿನ್ ಹೀರಿಕೊಂಡ ನೀಲಿ ಬೆಳಕೇ ಅದರ ಅಣುವಿನ ರೂಪವನ್ನು ಬದಲಿಸಿ, ದೇಹದಿಂದ ಹೊರಹೋಗುವಂತೆ ಮಾಡುತ್ತದೆ.

ರಕ್ತದೊತ್ತಡದ್ದೂ ಇದೇ ಕಥೆ. ಮೊಳಕೈ ಹೃದಯದ ಮಟ್ಟದಲ್ಲಿರಬೇಕು ಎಂಬುದು ಪರೀಕ್ಷೆಯ ಮೊದಲ ನಿಯಮ. ತೋಳನ್ನು ಪಕ್ಕಕ್ಕೆ ಇಳಿಬಿಟ್ಟು, ಪಟ್ಟಿ ಹೃದಯಕ್ಕಿಂತ 20 ಸೆಂಟಿಮೀಟರ್ ಕೆಳಗಿದ್ದರೆ ಏನಾಗುತ್ತದೆ? ಪ್ರೌಢಶಾಲೆಯ ಸೂತ್ರ ಸಾಕು: ದ್ರವದ ಒತ್ತಡವೆಂದರೆ ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ. ರಕ್ತದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು. ಉತ್ತರ ಪಾದರಸದ ಸುಮಾರು 15 ಮಿಲಿಮೀಟರ್. ನಿಜದಲ್ಲಿ 128 ಇದ್ದವರ ಅಂಕಿ 143 ಆಗುತ್ತದೆ; 140ರ ಗೆರೆ ದಾಟುತ್ತದೆ; ಮುಂದೆ ಮಾತ್ರೆ ಶುರುವಾಗಬಹುದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಂಕಿ ಏರುತ್ತದೆ. ಮೆಟ್ಟಿಲು ಹತ್ತಿ ಬಂದು, ಐದು ನಿಮಿಷ ಕೂರದೆ, ಮಾತಾಡುತ್ತಲೇ ತೋಳು ಚಾಚಿದರೂ ಅಷ್ಟೇ. ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಕೈಯಿಂದ ಗಾಳಿ ಹಾಕುವ ಉಪಕರಣದಲ್ಲಿ 2 ಮಿಲಿಮೀಟರಿಗೊಂದು ಗೆರೆ ಇರುತ್ತದೆ. ಹಾಗಾಗಿ ಅಂಕಿಗಳು 0, 2, 4, 6, 8ರಲ್ಲಿ ಸಮನಾಗಿ ಮುಗಿಯಬೇಕು. ಐದರಲ್ಲಿ ಒಂದು ಮಾತ್ರ ಸೊನ್ನೆಯಲ್ಲಿ ಕೊನೆಗೊಳ್ಳಬೇಕು. ನಿಮ್ಮ ಮನೆಯ ಹಳೆಯ ಚೀಟಿಗಳಲ್ಲಿ 120/80, 130/80, 140/90 ಎಂಬುವೇ ತುಂಬಿದ್ದರೆ, ಅಳೆದವರು ಗೆರೆಯನ್ನು ನೋಡಿ ಬರೆದಿಲ್ಲ ಎಂದೇ ಅರ್ಥ.

ಕಿವಿಗೆ ಬರೋಣ. ಮಗು ಜೋರಾಗಿ ಅಳುತ್ತಿರುವಾಗ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರೆ ತಮಟೆ ಕೆಂಪಗೆ ಕಾಣಬಹುದು. ಅತ್ತಾಗ ಮುಖ ಕೆಂಪಾಗುವಂತೆಯೇ ಇದೂ ರಕ್ತಸಂಚಾರದ ಫಲ. ಕೆಂಪೊಂದೇ ಸೋಂಕಿನ ಸಾಕ್ಷಿಯಾಗದು. ತಮಟೆ ಹೊರಕ್ಕೆ ಉಬ್ಬಿದೆಯೇ, ಗಾಳಿಯ ಒತ್ತಡಕ್ಕೆ ಅಲುಗುತ್ತದೆಯೇ ಎಂಬುದು ಹೆಚ್ಚು ಮುಖ್ಯ. ಪಟ್ಟಿಯಲ್ಲಿ ಇರುವುದು ಮಾತ್ರ ‘ಕೆಂಪು’.

ಈಗ ನಿಮಗೊಂದು ಪ್ರಯೋಗ. ಬಾಯಿ ಮುಚ್ಚಿಕೊಂಡು ‘ಮ್…’ ಎಂದು ದನಿ ಹೊರಡಿಸಿ. ಹಾಗೆಯೇ ಬಲಗಿವಿಯ ರಂಧ್ರವನ್ನು ಬೆರಳಿನಿಂದ ಮುಚ್ಚಿ. ದನಿ ಯಾವ ಕಿವಿಯಲ್ಲಿ ಜೋರಾಗಿ ಕೇಳಿತು? ಮುಚ್ಚಿದ ಕಿವಿಯಲ್ಲಿ, ಅಲ್ಲವೇ? ಶ್ರುತಿಕವೆಯನ್ನು ಮಿಡಿದು ಹಣೆಯ ನಡುವೆ ಇಟ್ಟಾಗಲೂ ಹೀಗೆಯೇ. ಮೇಣ ತುಂಬಿಯೋ ನಡುಗಿವಿಯಲ್ಲಿ ದ್ರವ ನಿಂತೋ ದನಿಯ ದಾರಿ ಮುಚ್ಚಿದ್ದರೆ, ಮೂಳೆಯ ಮೂಲಕ ಬರುವ ದನಿ ಕೆಟ್ಟ ಕಿವಿಯಲ್ಲೇ ಜೋರು. ಆದರೆ ಒಳಗಿವಿ ಅಥವಾ ನರಕ್ಕೆ ಪೆಟ್ಟಾಗಿದ್ದರೆ ದನಿ ಒಳ್ಳೆಯ ಕಿವಿಯ ಕಡೆಗೆ ಸರಿಯುತ್ತದೆ. ‘ಬಲಗಿವಿಯಲ್ಲಿ ಜೋರು’ ಎಂಬ ಒಂದೇ ಚಿಹ್ನೆಗೆ ಎರಡು ವಿರುದ್ಧ ಅರ್ಥಗಳು! ಅದಕ್ಕಾಗಿಯೇ 1855ರಲ್ಲಿ ಹೈನ್ರಿಕ್ ರಿನ್ನೆ ಸೂಚಿಸಿದ ಇನ್ನೊಂದು ಪರೀಕ್ಷೆಯನ್ನೂ ಜೊತೆಗೆ ಮಾಡುತ್ತಾರೆ: ಕವೆಯ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ದನಿ ನಿಂತಿತು ಎಂದಾಗ ಕಿವಿಯ ಮುಂದೆ ಹಿಡಿಯುವುದು. ಆರೋಗ್ಯದ ಕಿವಿಗೆ ಆಗ ದನಿ ಮತ್ತೆ ಕೇಳಬೇಕು. ಕವೆಯ ಆವೃತ್ತಿಯೂ ಮುಖ್ಯ. ಸಾಮಾನ್ಯವಾಗಿ ಬಳಸುವುದು 512 ಹರ್ಟ್ಸ್‌ನದು. ತೀರ ಕಡಿಮೆ ಆವೃತ್ತಿಯ ಕವೆಯ ಕಂಪನವನ್ನು ಮೂಳೆ ಸ್ಪರ್ಶವಾಗಿ ಗ್ರಹಿಸುತ್ತದೆ. ಕೇಳಿಸದಿದ್ದರೂ ‘ಕೇಳಿಸಿತು’ ಎಂದು ರೋಗಿ ಹೇಳಿಬಿಡಬಹುದು. ಒಂದು ಕಿವಿ ರಾತ್ರೋರಾತ್ರಿ ಮಂದವಾದಾಗ ಎಲ್ಲರೂ ಮೇಣವೆಂದೇ ತಿಳಿದು ಎಣ್ಣೆ ಬಿಟ್ಟು ಕಾಯುತ್ತಾರೆ. ಅದು ನರದ ತೊಂದರೆಯಾಗಿದ್ದರೆ ಚಿಕಿತ್ಸೆ ಕೆಲವೇ ದಿನಗಳೊಳಗೆ ಶುರುವಾಗಬೇಕು. ಎರಡು ನಿಮಿಷದ ಕವೆಯ ಪರೀಕ್ಷೆ ಆ ದಿನಗಳನ್ನು ಉಳಿಸಬಲ್ಲದು.

ಚಿಹ್ನೆ ಇಲ್ಲವೆಂದರೆ ರೋಗ ಇಲ್ಲವೇ?

ಮೂರನೆಯ ಆಕ್ಷೇಪವೇ ನನಗೆ ಹೆಚ್ಚು ಗಂಭೀರವಾಗಿ ಕಾಣುವುದು. ‘ಚಿಹ್ನೆ ಇದ್ದರೆ ರೋಗ’ ಎಂದು ಓದಿದವರು ‘ಚಿಹ್ನೆ ಇಲ್ಲದಿದ್ದರೆ ರೋಗವಿಲ್ಲ’ ಎಂದು ತಾವೇ ಪೂರ್ಣಗೊಳಿಸಿಕೊಳ್ಳುತ್ತಾರೆ. ಆ ರಾತ್ರಿ ನಾನು ಮಾಡಿದ್ದೂ ಇದನ್ನೇ.

ರಕ್ತಹೀನತೆಯನ್ನು ತೆಗೆದುಕೊಳ್ಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ಲೆಕ್ಕ ಸುಲಭವಾಗಲೆಂದು ಶೇಕಡ 50 ಎಂದಿಟ್ಟುಕೊಳ್ಳೋಣ. ಕೆಳರೆಪ್ಪೆಯನ್ನು ಎಳೆದು ನೋಡುವ ಪರೀಕ್ಷೆ ರಕ್ತಹೀನರಲ್ಲಿ ನೂರಕ್ಕೆ 60 ಮಂದಿಯನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ 20 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ ಎಂದು ಊಹಿಸೋಣ. (ಇವು ಲೆಕ್ಕಕ್ಕಾಗಿ ನಾನು ಆರಿಸಿಕೊಂಡ ಅಂಕಿಗಳು.) ಸಾವಿರ ಮಹಿಳೆಯರಲ್ಲಿ ಒಳಪೊರೆ ಬಿಳಿಚಿದೆ ಎನಿಸಿಕೊಳ್ಳುವವರು 300 ಮತ್ತು 100, ಒಟ್ಟು 400. ಇವರಲ್ಲಿ ನಾಲ್ಕರಲ್ಲಿ ಮೂವರಿಗೆ ನಿಜವಾಗಿ ರಕ್ತಹೀನತೆ ಇದೆ. ಒಳ್ಳೆಯದೇ. ಉಳಿದ 600 ಮಂದಿಗೆ ‘ಕೆಂಪಗಿದೆ, ಹೋಗಮ್ಮ’ ಎಂದು ಹೇಳಿ ಕಳುಹಿಸುತ್ತೇವೆ. ಅವರಲ್ಲಿ 200 ಮಂದಿ ರಕ್ತಹೀನರು. ಮೂವರಲ್ಲಿ ಒಬ್ಬರು!

ಅದೇ ಕಣ್ಣು, ಅದೇ ಪರೀಕ್ಷೆಯನ್ನು ಶೇಕಡ 5 ಮಂದಿಗೆ ಮಾತ್ರ ರಕ್ತಹೀನತೆ ಇರುವ ಜನಸಮುದಾಯಕ್ಕೆ ಒಯ್ಯಿರಿ. ಈಗ ಬಿಳಿಚಿದವರು 30 ಮತ್ತು 190, ಒಟ್ಟು 220. ಅವರಲ್ಲಿ ನಿಜವಾದ ರಕ್ತಹೀನರು ನೂರಕ್ಕೆ 14 ಮಾತ್ರ. ಚಿಹ್ನೆ ಬದಲಾಗಲಿಲ್ಲ; ಅದರ ಅರ್ಥ ಬದಲಾಯಿತು. ಬೇರೆ ದೇಶದ ಪಠ್ಯಪುಸ್ತಕದ ಪಟ್ಟಿಯನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಸಾಲದು ಎಂಬುದಕ್ಕೆ ಇದು ಒಂದು ಕಾರಣ.

ಪಲ್ಸ್ ಆಕ್ಸಿಮೀಟರಿನ ವಿಷಯವೂ ಇದಕ್ಕೆ ಸೇರುತ್ತದೆ. ಜಪಾನಿನ ಟಕುವೊ ಆವೊಯಾಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ತತ್ತ್ವದ ಮೇಲೆ ಇದು ಕೆಲಸ ಮಾಡುತ್ತದೆ. ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು, 940 ನ್ಯಾನೋಮೀಟರಿನ ಅವಕೆಂಪು ಕಿರಣ ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯೊಂದಿಗೆ ಏರಿಳಿಯುವ ಭಾಗವನ್ನು ಮಾತ್ರ ಹೋಲಿಸಲಾಗುತ್ತದೆ. ಕೋವಿಡ್ ಕಾಲದಲ್ಲಿ ಇದು ಲಕ್ಷಾಂತರ ಮನೆಗಳಿಗೆ ಬಂತು. ಉಸಿರಾಟದ ಕಷ್ಟ ಅರಿವಿಗೆ ಬರುವ ಮೊದಲೇ ಆಮ್ಲಜನಕ ಕುಸಿದಿದ್ದ ಅನೇಕರನ್ನು ಎಚ್ಚರಿಸಿತು. ಇದು ಸಣ್ಣ ಉಪಕಾರವಲ್ಲ. ಆದರೆ 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಗಮನಿಸಿ. ಉಪಕರಣ 92ರಿಂದ 96 ತೋರಿಸುತ್ತಿದ್ದಾಗ, ನಿಜದಲ್ಲಿ ರಕ್ತದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಕಪ್ಪು ಜನಾಂಗದ ರೋಗಿಗಳಲ್ಲಿ ಶೇಕಡ 11.7 ಸಲ, ಬಿಳಿಯರಲ್ಲಿ ಶೇಕಡ 3.6 ಸಲ. ಚರ್ಮದ ವರ್ಣದ್ರವ್ಯವೂ ಬೆಳಕನ್ನು ಹೀರುತ್ತದೆ ಎಂಬುದನ್ನು ಅಂಶಾಂಕನದಲ್ಲಿ ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಲವು ಛಾಯೆಗಳ ಮೈಬಣ್ಣವಿರುವ ನಮ್ಮ ನಾಡಿಗೆ ಇದು ದೂರದ ಸುದ್ದಿಯಲ್ಲ.

ಇನ್ನೂ ಮುಖ್ಯವಾದುದು ಆ ಅಂಕಿಯ ಅರ್ಥ. ಆಕ್ಸಿಮೀಟರ್ ಹೇಳುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದನ್ನು. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ನಿಲ್ದಾಣದಲ್ಲಿರುವ ಬಸ್ಸುಗಳಲ್ಲಿ ನೂರಕ್ಕೆ 98 ಸೀಟು ತುಂಬಿವೆ ಎಂದರೆ ಎಷ್ಟು ಜನ ಊರು ಸೇರುತ್ತಾರೆಂದು ಹೇಳಲಾದೀತೇ? ಬಸ್ಸುಗಳೇ ಎರಡಿದ್ದರೆ? ಹಿಮೋಗ್ಲೋಬಿನ್ ಡೆಸಿಲೀಟರಿಗೆ 14 ಗ್ರಾಂ ಇರುವವರ ರಕ್ತ ಶೇಕಡ 98ರ ಮಟ್ಟದಲ್ಲಿ ಸುಮಾರು 18 ಮಿಲಿಲೀಟರ್ ಆಮ್ಲಜನಕ ಒಯ್ಯುತ್ತದೆ. 7 ಗ್ರಾಂ ಇರುವವರದು ಸುಮಾರು 9. ಬೆರಳಿನ ಮೇಲಿನ ಅಂಕಿ ಇಬ್ಬರಿಗೂ 98. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ದೇಶದಲ್ಲಿ ‘98 ಇದೆ, ಚಿಂತೆಯಿಲ್ಲ’ ಎನ್ನುವ ಮೊದಲು ರೆಪ್ಪೆಯನ್ನು ಹಗಲು ಬೆಳಕಿನಲ್ಲಿ ನೋಡಬೇಕು. ರೆಪ್ಪೆ ಕೆಂಪಗಿದ್ದರೂ ಸುಸ್ತು ಹೋಗದಿದ್ದರೆ ಒಂದು ಹನಿ ರಕ್ತ ಪರೀಕ್ಷಿಸಬೇಕು.

ಸರಳತೆಯ ವಾದ

ಇಷ್ಟೆಲ್ಲ ಷರತ್ತು ಹಾಕಿದರೆ ಸಾಮಾನ್ಯ ಓದುಗರು ಪುಟ ಮಗುಚುತ್ತಾರೆ, ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ಸರಳ ಸೂಚನೆ ಬೇಕು ಎಂಬ ಮಾತನ್ನು ನಾನು ಬಲ್ಲೆ, ಒಪ್ಪುತ್ತೇನೆ ಕೂಡ. ಆದರೆ ಸರಳವಾಗಿಯೂ ಪ್ರಾಮಾಣಿಕವಾಗಿಯೂ ಬರೆಯಬಹುದು ಎಂಬುದಕ್ಕೆ ಮಾದರಿ ಇದೆ.

1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತು ಸಂಗಡಿಗರು ಎಕ್ಸ್-ರೇ ಸೌಲಭ್ಯವಿಲ್ಲದ ಕಡೆ ಮಕ್ಕಳ ನ್ಯುಮೋನಿಯವನ್ನು ಗುರುತಿಸುವುದು ಹೇಗೆ ಎಂದು ಅಧ್ಯಯನ ಮಾಡಿದರು. ಉಸಿರನ್ನು ಎಣಿಸುವುದೇ ಉತ್ತಮ ದಾರಿ ಎಂದು ಕಂಡಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ನಿಯಮ ಹೀಗಿದೆ: ಕೆಮ್ಮು ಅಥವಾ ಉಸಿರಾಟದ ತೊಂದರೆ ಇರುವ ಮಗುವಿನ ಉಸಿರನ್ನು, ಮಗು ಶಾಂತವಾಗಿರುವಾಗ, ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ವೇಗವಿಲ್ಲದಿದ್ದರೂ ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ, ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಅಷ್ಟಕ್ಕೇ ಬಿಡಬೇಡಿ.

ಈ ನಿಯಮವನ್ನು ಮತ್ತೊಮ್ಮೆ ಓದಿ ನೋಡಿ. ಸನ್ನಿವೇಶ ಇದೆ: ಮಗು ಶಾಂತವಾಗಿರಬೇಕು. ದೋಷದ ನಿಯಂತ್ರಣ ಇದೆ: ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡಿನ ಎಣಿಕೆಯಲ್ಲಿ 12 ಎಂದರೆ 48, 13 ಎಂದರೆ 52. ಹತ್ತು ತಿಂಗಳ ಮಗುವಿಗೆ ಔಷಧ ಕೊಡಬೇಕೇ ಬೇಡವೇ ಎಂಬುದು ಒಂದೇ ಉಸಿರಿನ ಮೇಲೆ ನಿಂತುಬಿಡುತ್ತಿತ್ತು. ಚಿಹ್ನೆ ಕಾಣದಿದ್ದರೆ ಮುಂದೇನು ಎಂಬುದೂ ಇದೆ. ನಾನು ಎತ್ತಿದ ಮೂರೂ ಆಕ್ಷೇಪಗಳಿಗೆ ಮೂರು ವಾಕ್ಯಗಳಲ್ಲಿ ಉತ್ತರವಿದೆ. ಓದಲು ಬರುವ ಯಾರಿಗೂ ಇದು ಕಷ್ಟವಲ್ಲ.

ಆದ್ದರಿಂದ ಇಂಥ ಪುಟಗಳಿಗೆ ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಚಿಹ್ನೆ ಮತ್ತು ರೋಗ ಎಂಬ ಎರಡು ಕಾಲಂಗಳ ಜೊತೆಗೆ ಇನ್ನು ಮೂರನ್ನು ಸೇರಿಸಿ: ಯಾವ ಸ್ಥಿತಿಯಲ್ಲಿ ನೋಡಬೇಕು, ಎಷ್ಟು ತಪ್ಪಾಗಬಹುದು, ಕಾಣದಿದ್ದರೆ ಮುಂದೇನು. ಪಟ್ಟಿ ಚಿಕ್ಕದಾಗಲಿ, ಇಪ್ಪತ್ತು ಚಿಹ್ನೆಗಳ ಬದಲು ಐದೇ ಇರಲಿ.

ಓದುಗರಾದ ನಿಮಗೂ ಒಂದು ಕೆಲಸ. ಇಂದು ರಾತ್ರಿ ಊಟವಾದ ಸ್ವಲ್ಪ ಹೊತ್ತಿನ ಮೇಲೆ, ಮನೆಯವರೊಬ್ಬರ ಮಣಿಕಟ್ಟನ್ನು ನಾಡಿ ನೋಡುವಂತೆ ಹಿಡಿದುಕೊಂಡು, ಅವರಿಗೆ ಗೊತ್ತಾಗದಂತೆ ಉಸಿರನ್ನು ಎಣಿಸಿ. ಎಣಿಸುತ್ತಿದ್ದೀರೆಂದು ತಿಳಿದರೆ ಉಸಿರಿನ ಲಯ ಬದಲಾಗುತ್ತದೆ. ಮೊದಲು ಹದಿನೈದು ಸೆಕೆಂಡಿನಂತೆ ನಾಲ್ಕು ಸಲ ಎಣಿಸಿ, ಪ್ರತಿಯೊಂದನ್ನೂ ನಾಲ್ಕರಿಂದ ಗುಣಿಸಿ ಬರೆದುಕೊಳ್ಳಿ. ಆಮೇಲೆ ಒಂದು ಪೂರ್ಣ ನಿಮಿಷ ಎಣಿಸಿ ಐದನೆಯ ಅಂಕಿಯಾಗಿ ಬರೆಯಿರಿ. ಐದನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಆಮೇಲೆ ಯಾರ ಹೆಸರಿನ ಮುಂದಾದರೂ ಎಣಿಸದೆ 18 ಎಂದು ಬರೆಯಲು ನಿಮಗೆ ಕೈ ಬಾರದು.